ನಮ್ಮೂರಿಗೇ ರೂಮ್ ಬುಕ್ ಮಾಡಿದ್ದು

"ಮೇಲೊಂದು ಸೂರು ಇರಬೇಕು, ಕೆಳಗೆ ನೀರು ಹರೀಬಾರದು. ಇಷ್ಟಿದ್ರೆ ನೀನು ಕರೆದ ಕಡೆ ಬರ್ತೀನಿ" ಅಂದರು ನಮ್ಮೆಜಮಾನ್ರು.

ಅವರನ್ನು ದೂರುವ ಹಾಗಿಲ್ಲ. ಎರಡು ವರ್ಷದ ಹಿಂದೆ ಸಕಲೇಶಪುರದ ಕಡೆ ಒಂದು ಟೆಂಟ್ ಕ್ಯಾಂಪಿಗೆ ಹೋಗಿದ್ದೆವು. ಫೋಟೋದಲ್ಲಿ ಹಳದಿ ಟೆಂಟು, ಹಿಂದೆ ಮಂಜು, ಮುಂದೆ ಬೆಂಕಿ. ಹೋಗಿ ನೋಡಿದರೆ ಗುಡ್ಡವನ್ನು ಜೆಸಿಬಿಯಲ್ಲಿ ಕಡಿದು ಮಟ್ಟ ಮಾಡಿದ ಕೆಂಪು ನೆಲದ ಮೇಲೆ ಮೂವತ್ತು ಟೆಂಟು, ಟೂತ್‌ಪೇಸ್ಟ್ ಡಬ್ಬಿಗಳನ್ನು ಜೋಡಿಸಿದ ಹಾಗೆ. ರಾತ್ರಿ ಹನ್ನೆರಡರವರೆಗೆ ಸ್ಪೀಕರು. ಅದು ನಿಂತಿತಲ್ಲ ಅಂದುಕೊಳ್ಳುವಷ್ಟರಲ್ಲಿ ಮಳೆ. ಎರಡು ಗಂಟೆಗೆ ಮಗ ಎದ್ದು "ಅಮ್ಮ, ನಾನು ಸುಸ್ಸು ಮಾಡಿಲ್ಲ, ಆದ್ರೂ ಒದ್ದೆ" ಅಂತ ಅಳಲು ಶುರು ಮಾಡಿದ. ಟೆಂಟಿನ ಅಡಿಯಲ್ಲಿ ನೀರು ಹರಿಯುತ್ತಿತ್ತು. ಬೆಳಗಿನವರೆಗೆ ನಾಲ್ಕು ಜನ ಕಾರಿನೊಳಗೆ ಕೂತಿದ್ದೆವು. ಚಳ್ಳಕೆರೆಯಲ್ಲಿ ಹುಟ್ಟಿ ಬೆಳೆದ ಮನುಷ್ಯ ಅವರು. ಮಳೆ ಬಂದರೆ ಖುಷಿಯಿಂದ ಅಂಗಳಕ್ಕೆ ಓಡಿಬರುವ ಊರಿನವರು ಮಳೆಗೆ ಬೈದದ್ದನ್ನು ಅವತ್ತೇ ಮೊದಲು ಕೇಳಿದ್ದು ನಾನು.

ಹಾಗಾಗಿ ಈ ಸಲ ಟೆಂಟ್ ಇಲ್ಲ. ಮರದ ಕ್ಯಾಬಿನ್ನು, ನಾವೇ ಅಡುಗೆ, ಎರಡು ರಾತ್ರಿ. ಎಲ್ಲಿಗೆ ಅನ್ನೋದನ್ನು ಮಾತ್ರ ನಾನು ಯಾರನ್ನೂ ಕೇಳದೆ ತೀರ್ಮಾನ ಮಾಡಿಬಿಟ್ಟೆ. ಕುದುರೆಮುಖ.

ನಾನು ಹುಟ್ಟಿದ್ದು ಅಲ್ಲೇ. ಊರು ಅಂತ ಹೇಳಿಕೊಳ್ಳುವಾಗ ಜನ ನಗುತ್ತಾರೆ, ಬೆಟ್ಟದ ಹೆಸರಲ್ವಾ ಅಂತ. ಬೆಟ್ಟವೂ ಹೌದು: 1,894 ಮೀಟರ್, ಕುದುರೆಯ ಮೋರೆಯ ಹಾಗಿರುವುದರಿಂದ ಆ ಹೆಸರು. ಆದರೆ ಬೆಟ್ಟದ ಬುಡದಲ್ಲಿ ಕಬ್ಬಿಣದ ಅದಿರಿನ ಕಂಪನಿ ಕಟ್ಟಿದ ಟೌನ್‌ಶಿಪ್ ಇತ್ತು. ಕಂಪನಿ ಶುರುವಾಗಿದ್ದು 1976ರಲ್ಲಿ, ಇರಾನಿನ ದುಡ್ಡು ನಂಬಿಕೊಂಡು. ಅಲ್ಲಿ ಕ್ರಾಂತಿ ಆಗಿ ಶಾ ಓಡಿಹೋದ ಮೇಲೆ ದುಡ್ಡು ನಿಂತಿತು, ಕಂಪನಿ ನಿಲ್ಲಲಿಲ್ಲ. ನಮ್ಮಪ್ಪ 1981ರಲ್ಲಿ ಫಿಟ್ಟರ್ ಆಗಿ ಸೇರಿದ್ದು. ಗುಡ್ಡ ಅಗೆದು, ಅದಿರನ್ನು ಹಿಟ್ಟು ಮಾಡಿ, ನೀರಿಗೆ ಕಲಸಿ, 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. "ರಾಗಿ ಅಂಬಲಿ ತರ ಇರುತ್ತೆ, ಕಪ್ಪಗೆ" ಅಂತ ಅಪ್ಪ ವಿವರಿಸುತ್ತಿದ್ದರು. ಇಡೀ ಬೆಟ್ಟವನ್ನು ಅಂಬಲಿ ಮಾಡಿ ಹಡಗಿಗೆ ಕುಡಿಸುತ್ತಾರೆ ಅನ್ನೋದು ಎರಡನೇ ಕ್ಲಾಸಿನ ನನಗೆ ಪರಮ ಸಹಜವಾಗಿ ಕಂಡಿತ್ತು.

1987ರಲ್ಲಿ ಸುತ್ತಲ ಕಾಡು ರಾಷ್ಟ್ರೀಯ ಉದ್ಯಾನ ಆಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2005ರ ಕೊನೆಗೆ ಗಣಿ ನಿಂತಿತು. ಕಾಡಿಗೆ ಒಳ್ಳೆಯದೇ ಆಯಿತು. ನಮ್ಮ ಮನೆಗೆ ಆಗಲಿಲ್ಲ. 2006ರ ಏಪ್ರಿಲಿನಲ್ಲಿ ಲಾರಿಗೆ ಸಾಮಾನು ತುಂಬಿದ್ದು ನೆನಪಿದೆ. ಅಮ್ಮ ತುಳಸಿ ಕಟ್ಟೆಯನ್ನು ಕೀಳಿಸೋಕೆ ನೋಡಿ ಆಗದೆ ಗಿಡ ಮಾತ್ರ ತಂದಿದ್ದು. ಅದಾದ ಮೇಲೆ ನಾನು ಆ ಕಡೆ ತಲೆ ಹಾಕಿಲ್ಲ. ಈಗ ತುಮಕೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ನನ್ನೂರಿಗೆ ಹೋಗಲು ಆನ್‌ಲೈನ್‌ನಲ್ಲಿ "ಚೆಕ್ ಇನ್, ಚೆಕ್ ಔಟ್" ಒತ್ತುವ ಕಾಲ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ.

ಮೊದಲ ಲೆಕ್ಕ ತಿಂಗಳದ್ದು. ಇದಕ್ಕೆ ನಾನು ಇನ್ನೂರು ಪುಟದ ಲಾಂಗ್ ಬುಕ್ಕಿನಲ್ಲಿ ಒಂದು ಪುಟವನ್ನೇ ಕೊಟ್ಟೆ.

ಜೂನ್‌ನಿಂದ ಸೆಪ್ಟೆಂಬರ್ ಸುಮ್ಮನೆ ಕಾಟು ಹಾಕಿದೆ. ಕುದುರೆಮುಖದಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಚಳ್ಳಕೆರೆ ಮನುಷ್ಯನಿಗೆ ಅದನ್ನು ಅರ್ಥ ಮಾಡಿಸುವುದು ಹೇಗೆ? "ನಿಮ್ಮೂರಲ್ಲಿ ವರ್ಷವಿಡೀ ಬೀಳೋದನ್ನ ನಮ್ಮೂರು ಜುಲೈಯಲ್ಲಿ ವಾರದೊಳಗೆ ಮುಗಿಸುತ್ತೆ" ಅಂದೆ. ನಂಬಲಿಲ್ಲ. ನಮ್ಮ ಕ್ವಾರ್ಟರ್ಸಿನಲ್ಲಿ ಬಟ್ಟೆ ಬೀರುವಿನೊಳಗೆ ಮಳೆಗಾಲ ಮುಗಿಯುವ ತನಕ 40 ವ್ಯಾಟಿನ ಬಲ್ಬ್ ಉರಿಯುತ್ತಿತ್ತು, ಇಲ್ಲದಿದ್ದರೆ ಅಮ್ಮನ ರೇಷ್ಮೆ ಸೀರೆಗೆ ಬೂಷ್ಟು ಬರುತ್ತಿತ್ತು ಅಂದಾಗ ಸ್ವಲ್ಪ ನಂಬಿದರು. ಜೊತೆಗೆ ಇಂಬಳ, ಅಂದರೆ ರಕ್ತ ಹೀರುವ ಕಾಡು ಜಿಗಣೆ. ಹಸಿ ಎಲೆಯ ತುದಿಯಲ್ಲಿ ದಾರದೆಳೆಯಂತೆ ನಿಂತು, ನಾವು ಹತ್ತಿರ ಬಂದದ್ದು ತಿಳಿದು ತಲೆ ಆಡಿಸುತ್ತವಲ್ಲ, ಅವು.

ಅಕ್ಟೋಬರಿನಲ್ಲಿ ದಸರಾ ರಜೆ ಇರುತ್ತದೆ, ಮೇಷ್ಟ್ರುಗಳಿಗೆ ಅದೇ ಅನುಕೂಲ. ಆದರೆ ಹಿಂಗಾರು ಹಿಡಿದರೆ ಬಿಡುವುದಿಲ್ಲ, ಇಂಬಳವೂ ಇನ್ನೂ ಮನೆ ಖಾಲಿ ಮಾಡಿರುವುದಿಲ್ಲ.

ಡಿಸೆಂಬರ್ ಬಂತೋ, ಉಣ್ಣೆ. ನಮ್ಮೆಜಮಾನ್ರಿಗೆ ಇದನ್ನು ಹೇಳಿದಾಗ "ಉಣ್ಣೆ ಕಚ್ಚಿದ್ರೆ ಒಳಗೆ ಒಂದು ಬನಿಯನ್ ಹಾಕ್ಕೊಂಡ್ರಾಯ್ತು" ಅಂದರು. ಅವರೂರಿನಲ್ಲಿ ಉಣ್ಣೆ ಅಂದರೆ ಕುರಿಯ ತುಪ್ಪಟ ಮಾತ್ರ. ನಾನು ಹೇಳಿದ್ದು ಕಾಡಿನಲ್ಲಿ ದನಕ್ಕೂ ಮಂಗಕ್ಕೂ ಕಚ್ಚುವ ಉಣ್ಣೆ, ಮಂಗನ ಕಾಯಿಲೆ ತರುವುದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಕಂಡ ಜ್ವರ; ಊರಿನ ಹೆಸರೇ ಅದಕ್ಕೆ ಅಂಟಿಕೊಂಡಿದೆ. ಮಲೆನಾಡಿನಲ್ಲಿ ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಡೆಪಾ ಎಣ್ಣೆ ಕೊಡುತ್ತಾರೆ. ಒಣ ತರಗೆಲೆ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ವಾಪಸ್ ಬಂದ ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ "ಕಾಡಿಗೆ ಹೋಗಿದ್ದೆ" ಅಂತ ಮೊದಲು ಹೇಳಿ. ಇದನ್ನು ಓದುವವರೂ ದಯವಿಟ್ಟು ನೆನಪಿಟ್ಟುಕೊಳ್ಳಿ, ತಮಾಷೆಯಲ್ಲ.

ಫೆಬ್ರವರಿ ಆದ ಮೇಲೆ ಹುಲ್ಲುಗುಡ್ಡಗಳೆಲ್ಲ ಒಣಗಿ ಕಾಳ್ಗಿಚ್ಚಿನ ಭಯ. ಇಲಾಖೆಯವರು ಚಾರಣ ನಿಲ್ಲಿಸುತ್ತಾರೆ.

ಹನ್ನೆರಡು ತಿಂಗಳಲ್ಲಿ ಮಳೆ, ಇಂಬಳ, ಉಣ್ಣೆ, ಬೆಂಕಿ ಕಳೆದರೆ ಉಳಿದದ್ದು ನವೆಂಬರ್. ಈ ಸಲ ಕನಕ ಜಯಂತಿ ಸೋಮವಾರ ಬಂದಿದೆ. ಶನಿವಾರ ಒಂದು ಸಿಎಲ್ ಹಾಕಿದರೆ ಮೂರು ದಿನ. ನಮ್ಮ ಎಚ್ಚೆಮ್ಮು "ಎಲ್ಲಿಗೆ ಮೇಡಂ?" ಅಂದರು. "ಊರಿಗೆ ಸರ್" ಅಂದೆ. ಸುಳ್ಳೇನಲ್ಲವಲ್ಲ.

ಜಾಗ ಹುಡುಕುವಾಗ ಗೊತ್ತಾದದ್ದು, ಉದ್ಯಾನದೊಳಗೆ ಎಲ್ಲೆಂದರಲ್ಲಿ ಟೆಂಟ್ ಹೊಡೆಯುವ ಹಾಗಿಲ್ಲ. ಕುದುರೆಮುಖ ಶಿಖರದ ಮೇಲೂ ರಾತ್ರಿ ಉಳಿಯುವಂತಿಲ್ಲ, ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿಯಬೇಕು. ಅದಕ್ಕೂ ಮುಂಚಿತವಾಗಿ ಆನ್‌ಲೈನ್ ಪರ್ಮಿಟ್ ಬೇಕು. ನಾವು ಶಿಖರ ಹತ್ತುವವರಲ್ಲ ಬಿಡಿ. ಅತ್ತೆಯ ಮೊಣಕಾಲು, ತಮ್ಮನ ನಾಲ್ಕು ವರ್ಷದ ಮಗಳು, ನಮ್ಮೆಜಮಾನ್ರ ಹೊಟ್ಟೆ, ಮೂರೂ ನಮ್ಮ ಜೊತೆಗೇ ಬರುತ್ತವೆ. ಭದ್ರಾ ದಂಡೆಯಲ್ಲಿ ಭಗವತಿ ಪ್ರಕೃತಿ ಶಿಬಿರ ಇದೆ, ಅದು ಉದ್ಯಾನದ ಒಳಗೇ. ಆದರೆ ನನಗೆ ಒಲೆ ಹಚ್ಚಿ ನಾವೇ ಬೇಯಿಸಿಕೊಂಡು ತಿನ್ನುವ ಆಸೆ. ಕೊನೆಗೆ ಸಂಸೆಯ ಕಡೆ ಒಂದು ಕಾಫಿ-ಅಡಿಕೆ ತೋಟದೊಳಗೆ ಎರಡು ಕ್ಯಾಬಿನ್ ಸಿಕ್ಕವು.

ಫೋನ್ ಮಾಡಿದೆ. ಮೂರು ಸಲ ಕಟ್ಟಾಯಿತು. ನಾಲ್ಕನೇ ಸಲ ಒಬ್ಬ ಹಿರಿಯರು ಸಿಕ್ಕರು.

"ಕ್ಯಾಬಿನ್ ಬುಕ್ ಮಾಡಬೇಕಿತ್ತು..."

"ಕ್ಯಾಬಿನ್ ಅಂತ ಇಂಟರ್‌ನೆಟ್ಟಲ್ಲಿ ಹಾಕಿದ್ದು ನನ್ನ ಮಗ, ಮಾರಾಯ್ರೆ. ಅದು ಹಲಗೆಮನೆ. ಮೊದಲು ಕಾಫಿ ಕೊಯ್ಲಿಗೆ ಬಂದವರು ಇರ್ತಿದ್ರು. ಈಗ ಅದಕ್ಕೇ ಕಮೋಡ್ ಹಾಕಿಸಿದ್ದೇವೆ."

ಆ ಒಂದು ಮಾತಿಗೆ ಅಡ್ವಾನ್ಸ್ ಕಳಿಸಿಬಿಡೋಣ ಅನ್ನಿಸಿತು. ಆದರೂ ಸಕಲೇಶಪುರದ ಪಾಠ ಮರೆತಿರಲಿಲ್ಲ. ಲಾಂಗ್ ಬುಕ್ ತೆಗೆದು ಒಂದೊಂದೇ ಕೇಳಿದೆ. ಸೂರು? ಮಂಗಳೂರು ಹೆಂಚು, ಅಡಿಯಲ್ಲಿ ಹಲಗೆ. ಸೋರುತ್ತಾ? "ಸೋರಿದ್ರೆ ನಾನೇ ಬಂದು ಬಕೆಟ್ ಇಡ್ತೇನೆ." ಕರೆಂಟು? ಇದೆ, ಗಾಳಿ ಬಂದರೆ ಇಲ್ಲ. ಒಂದು ಸೋಲಾರ್ ದೀಪ. ಒಲೆ? ಒಂದು ಬರ್ನರಿನ ಗ್ಯಾಸು, ಹೊರಗೆ ಸೌದೆ ಒಲೆ. ಬಿಸಿನೀರು? ಬಚ್ಚಲ ಒಲೆ, ಹಂಡೆ, ಬೆಳಿಗ್ಗೆ ಆರಕ್ಕೆ ಆಳು ಬಂದು ಹೊತ್ತಿಸುತ್ತಾನೆ. ಕುಡಿಯುವ ನೀರು? "ಅಬ್ಬಿ ನೀರು ಪೈಪಲ್ಲಿ ಬರ್ತದೆ. ನಾವು ಹಾಗೇ ಕುಡೀತೇವೆ, ನೀವು ಪೇಟೆಯವರು ಕುದಿಸಿ." ಅಬ್ಬಿ ಅಂದರೆ ಗುಡ್ಡದಿಂದ ಇಳಿಯುವ ಝರಿ. ಬೆಂಕಿ ಹಾಕಬಹುದಾ, ಮಕ್ಕಳು ಕೇಳ್ತಿದ್ದಾರೆ? ಕಣದಲ್ಲಿ ಹಾಕಬಹುದು, ಮರದಡಿ ಬೇಡ, ಗಾಳಿ ಇದ್ದರೆ ಬೇಡ, ಪಾಟೆ ಒಡೆದ ಸೌದೆ ಅವರೇ ಕೊಡುತ್ತಾರೆ. ಸ್ಪೀಕರು? "ಅದು ತರೋದಾದ್ರೆ ಬರಬೇಡಿ. ಕಾಟಿ ತೋಟಕ್ಕೆ ಇಳೀತವೆ, ನಾವು ರಾತ್ರಿ ಸದ್ದು ಮಾಡೋದಿಲ್ಲ."

ಕಾಟಿ ಅಂದರೆ ಕಾಡುಕೋಣ ಅಂತ ಮಗನಿಗೆ ಹೇಳಿದ್ದೇ ತಪ್ಪಾಯಿತು. ಹುಲಿ ನೋಡಬೇಕು ಅಂತಿದ್ದವನು ಈಗ ಕೋಣದ ತೂಕ ಎಷ್ಟು, ಹಲಗೆ ಎಷ್ಟು ಇಂಚು ದಪ್ಪ ಅಂತ ಕೇಳುತ್ತಾನೆ. ಗಣಿತದ ಮೇಷ್ಟ್ರ ಮಗ.

ಫೋನ್ ಇಡುವ ಮೊದಲು ಅವರು "ನೀವು ಈ ಕಡೆಯವರಾ? ಅಬ್ಬಿ ನೀರು ಅಂದ್ರೆ ಎಂತದ್ದು ಅಂತ ಕೇಳ್ಲಿಲ್ಲ ನೀವು" ಅಂದರು. ಟೌನ್‌ಶಿಪ್ ಅಂದೆ. ಎರಡು ಕ್ಷಣ ಸುಮ್ಮನಿದ್ದು "ಓ, ಕಂಪನಿಯವರು" ಅಂದರು. ಅದರಲ್ಲಿ ಪ್ರೀತಿಯೂ ಇತ್ತು, ಇನ್ನೊಂದೇನೋ ಇತ್ತು. ಆ ಸೀಮೆಯವರಿಗೆ ಕಂಪನಿ ಕೆಲಸವನ್ನೂ ಕೊಟ್ಟಿತ್ತು, ಭದ್ರೆಗೆ ಕೆಂಪು ಕೆಸರನ್ನೂ ಕೊಟ್ಟಿತ್ತು. ನಾನು ಕೆದಕಲಿಲ್ಲ.

ಕ್ಯಾಬಿನ್ ಆಯಿತು. ಇನ್ನು ಜನ. ನಾವು ಐದು: ನಾನು, ಯಜಮಾನ್ರು, ಅತ್ತೆ, ಎರಡು ಮಕ್ಕಳು. ಮೈಸೂರಿನಿಂದ ತಮ್ಮ, ಅವನ ಹೆಂಡತಿ, ಮಗಳು. ಎಂಟು. ಒಂಬತ್ತನೆಯವರು ಅಪ್ಪ, ತಮ್ಮನ ಮನೆಯಲ್ಲಿರುವವರು. ಅವರನ್ನು ಬಿಟ್ಟು ತಮ್ಮ ಬರುವ ಹಾಗಿಲ್ಲ.

"ನಾನು ಬರಲ್ಲ ಪುಟ್ಟಿ. ಇಪ್ಪತ್ತೈದು ವರ್ಷ ನೋಡಿದೀನಿ, ಇನ್ನೇನು ನೋಡೋದು. ದಾರಿ ಬೇಕಾದ್ರೆ ಹೇಳ್ತೀನಿ, ಬರ್ಕೋ."

ಹೇಳಿದರು, ಬರೆದುಕೊಂಡೆ. ಅಪ್ಪನ ದಾರಿ ಅಂದರೆ ಬಸ್ಸಿನ ದಾರಿ. ಕೊಟ್ಟಿಗೆಹಾರದಲ್ಲಿ ಬಸ್ಸು ಇಪ್ಪತ್ತು ನಿಮಿಷ ನಿಲ್ಲುತ್ತೆ, ಇಳಿದು ನೀರುದೋಸೆ ತಿನ್ನು. ಆಮೇಲೆ ಕಿಟಕಿ ಬದಿ ಸೀಟು ಬಿಟ್ಟುಕೊಡಬೇಡ, ವಾಂತಿ ಮಾಡುವವರು ಬಂದು ಕೇಳ್ತಾರೆ. ಕಳಸದಲ್ಲಿ ಡ್ರೈವರ್ ಬದಲಾಗ್ತಾನೆ. ಸಂಸೆ ಟೀ ತೋಟ ದಾಟಿದ ಮೇಲೆ ಎಡಗಡೆ ನೋಡು, ಮೋಡ ಇಲ್ಲದಿದ್ರೆ ಕುದುರೆ ಕಾಣುತ್ತೆ. ಗೂಗಲ್ ಮ್ಯಾಪ್ ಹೇಳಿದ್ದೂ ಅದೇ ರಸ್ತೆ, ಕುದುರೆ ಒಂದನ್ನು ಬಿಟ್ಟು.

ಕೊಟ್ಟಿಗೆಹಾರದಲ್ಲೇ ಎರಡೂ ಕಾರು ಸೇರುವುದು ಅಂತಾಯಿತು. ನಾವು ತಿಪಟೂರು, ಅರಸೀಕೆರೆ, ಕಡೂರು, ಚಿಕ್ಕಮಗಳೂರು, ಮೂಡಿಗೆರೆ ಮೇಲೆ. ತಮ್ಮ ಹಾಸನ, ಬೇಲೂರು ಮೇಲೆ. ಬೆಳಿಗ್ಗೆ ನಾಲ್ಕೂವರೆಗೆ ಬಿಟ್ಟರೆ ಒಂಬತ್ತೂವರೆಗೆ ನೀರುದೋಸೆ. ಅಲ್ಲಿಂದ ಕಳಸ, ಹೊರನಾಡು. ಹೊರನಾಡು ಅತ್ತೆಯ ಷರತ್ತು: "ಅನ್ನಪೂರ್ಣೆ ಕಾಣ್ದೆ ಕಾಡಿಗೆ ಹೋಗಿ ಕುಂತ್ಕೊಂಡ್ರೆ ನಾನೇನು ಋಷಿಯೇನವ್ವಾ?" ನನಗೂ ಲಾಭವೇ. ಅಲ್ಲಿ ಬಂದವರಿಗೆಲ್ಲ ಊಟ ಹಾಕುತ್ತಾರೆ, ಒಂದು ಹೊತ್ತಿನ ಅಡುಗೆ ಉಳಿಯಿತು. ಒಳಗೆ ಗಂಡಸರು ಅಂಗಿ ತೆಗೆಯಬೇಕು ಅಂತ ಮೊದಲೇ ಹೇಳಿದ್ದೇನೆ, ನಮ್ಮೆಜಮಾನ್ರು ಆವತ್ತಿನಿಂದ ಸಂಜೆ ವಾಕಿಂಗ್ ಹೋಗುತ್ತಿದ್ದಾರೆ.

ಅಡುಗೆಯ ಲೆಕ್ಕ. ಶನಿವಾರ ರಾತ್ರಿಯಿಂದ ಸೋಮವಾರ ಬೆಳಿಗ್ಗೆವರೆಗೆ ಐದು ಹೊತ್ತು. ಭಾನುವಾರ ಬೆಳಿಗ್ಗೆ ತೋಟದ ಅಮ್ಮ ಕಡುಬು ಮಾಡಿಕೊಡುತ್ತಾರಂತೆ, ಆದ್ದರಿಂದ ನಾಲ್ಕು. ಒಂದೇ ಬರ್ನರು ಅನ್ನೋದನ್ನು ಮರೆಯಬಾರದು. ಅನ್ನ ಇಳಿಸಿದ ಮೇಲೇ ಸಾರು. ಹಾಗಾಗಿ ಒಣ ಸಾಮಾನು ಎಲ್ಲ ಮನೆಯಲ್ಲೇ ಅರ್ಧ ಮುಗಿಸಿಕೊಂಡು ಹೋಗುವುದು: ಉಪ್ಪಿಟ್ಟಿಗೆ ಹುರಿದ ರವೆಯೊಳಗೇ ಒಗ್ಗರಣೆ ಬೆರೆಸಿ ಡಬ್ಬಿಗೆ, ಪುಳಿಯೋಗರೆ ಗೊಜ್ಜು, ಹುರುಳಿಕಾಳು ನೆನೆಸಿ ಮೊಳಕೆ ಕಟ್ಟಿ ಒದ್ದೆ ಬಟ್ಟೆಯಲ್ಲಿ. ದಾರಿಯಲ್ಲೇ ಮೊಳಕೆ ಬಂದಿರುತ್ತದೆ, ಭಾನುವಾರ ಮಧ್ಯಾಹ್ನ ಸಾರಿಗೆ ಸರಿಯಾಗಿ. ಅಕ್ಕಿ ಮೂರು ಕೆಜಿ ಅಂತ ಬರೆದೆ. ತಮ್ಮನ ಹೆಂಡತಿ ಫೋನಿನಲ್ಲಿ "ಅತ್ತಿಗೆ, ಕುಕ್ಕರ್ ಯಾರು ತರೋದು?" ಅಂದಳು. ಇಬ್ಬರೂ ತರುವುದು ಅಂತಾಯಿತು. ಕೊನೆಗೆ ಇಬ್ಬರೂ ಮರೆಯುತ್ತೇವೆ, ನೋಡುತ್ತಿರಿ.

ನಮ್ಮೆಜಮಾನ್ರಿಗೂ ತಮ್ಮನಿಗೂ ಬೆಂಕಿ ಮೇಲೆ ಕೋಳಿ ಸುಡುವ ಆಸೆ. ಭಾನುವಾರ ರಾತ್ರಿ ಮಾತ್ರ, ಹನ್ನೆರಡರೊಳಗೆ ಮುಗಿಯಬೇಕು, ಆಮೇಲೆ ಸೋಮವಾರ ಅಂತ ಅತ್ತೆ ಅಪ್ಪಣೆ ಕೊಟ್ಟಿದ್ದಾರೆ. ಅತ್ತೆ ತಮಗೆ ಬೇಕಾದದ್ದನ್ನು ಬೇರೆಯೇ ಕಟ್ಟಿಕೊಂಡಿದ್ದಾರೆ: ಶೇಂಗಾ ಚಟ್ನಿಪುಡಿ, ಎರಡು ಕೆಜಿ ರಾಗಿ ಹಿಟ್ಟು, ಮುದ್ದೆ ಕೋಲು. "ಅಲ್ಲಿ ಕೋಲು ಸಿಗುತ್ತೆ ಅತ್ತೆ, ಕಾಡು ಅದು" ಅಂದೆ. "ಕಾಡು ಕೋಲಲ್ಲಿ ಮುದ್ದೆ ತಿರುವಿದ್ರೆ ಗಂಟಾಗುತ್ತೆ" ಅಂದರು. ಇದಕ್ಕೆ ಉತ್ತರ ಇಲ್ಲ.

ಕಳೆದ ಭಾನುವಾರ ಅತ್ತೆ ಚಳ್ಳಕೆರೆಗೆ ಹೋಗಿ ಬರುವಾಗ ಎರಡು ಕಂಬಳಿ ತಂದರು. ಕರಿ ಕಂಬಳಿ, ಕೈಮಗ್ಗದ್ದು, ಹೊಸದು. ನೆಲಕ್ಕೆ ಹಾಸಿದರೆ ಹಲಗೆಯಂತೆ ಸೆಟೆದು ನಿಲ್ಲುತ್ತದೆ, ಏಕೆಂದರೆ ನೇಯುವ ಮೊದಲು ನೂಲಿಗೆ ಹುಣಸೆ ಬೀಜದ ಗಂಜಿ ತಿಕ್ಕುತ್ತಾರೆ. ಬಿಚ್ಚಿದ ಕೂಡಲೇ ಕುರಿಯ ವಾಸನೆ ಹಾಲ್ ತುಂಬ. ಮಗಳು ಮೂಗು ಮುಚ್ಚಿಕೊಂಡು ರೂಮಿಗೆ ಓಡಿದಳು. ನಾನು ಮಾತ್ರ ಅಲ್ಲೇ ಕೂತೆ. ಆ ವಾಸನೆ ನನಗೆ ಗೊತ್ತಿತ್ತು. ನಮ್ಮ ಸ್ಕೂಲಿನ ಗಂಟೆ ಹೊಡೆಯುತ್ತಿದ್ದ ಅಜ್ಜ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಬರುತ್ತಿದ್ದ. ಕೊಪ್ಪೆ ಅಂದರೆ ಕಂಬಳಿಯನ್ನೇ ಮಡಿಸಿ ತಲೆ ಮೇಲೆ ತೊಟ್ಟುಕೊಳ್ಳುವುದು. ಬಾಗಿಲಲ್ಲಿ ಅದನ್ನು ಕೊಡವಿದಾಗ ಹನಿಗಳು ಸಿಡಿದು ನಮ್ಮ ಸ್ಲೇಟಿನ ಮೇಲೆ ಬೀಳುತ್ತಿದ್ದವು, ಇದೇ ವಾಸನೆ. ಒಳಗೆ ಅವನ ಅಂಗಿ ಒದ್ದೆಯಾಗಿರುತ್ತಿರಲಿಲ್ಲ.

"ಮಲೆನಾಡೋರಿಗೆ ಕಂಬ್ಳಿ ಕೊಡ್ತಿದ್ದೋರು ನಾವೇ ಕಣವ್ವ. ನಮ್ಮ ತಾತ ಗಾಡೀಲಿ ಹೇರ್ಕೊಂಡು ಹೋಗಿ ಮಾರಿ, ಅಡಿಕೆ, ಮೆಣಸು ತರ್ತಿದ್ದ" ಅಂದರು ಅತ್ತೆ. ಮದುವೆಯಾಗಿ ಹದಿನಾರು ವರ್ಷ, ಈ ಮಾತು ಮೊದಲ ಸಲ ಕೇಳಿದ್ದು. ಮಳೆ ಬಾರದ ಊರಿನವರು ಮಳೆಗೆ ತಡೆ ನೇಯ್ದು ನಮ್ಮ ಕಡೆಗೆ ಮಾರುತ್ತಿದ್ದರು. ನಮ್ಮ ಸ್ಕೂಲಿನ ಅಜ್ಜನ ಕಂಬಳಿ ಯಾವ ಊರಿನದ್ದಿತ್ತೋ.

ಸ್ವೆಟರ್ ಪಟ್ಟಿಯಲ್ಲಿ ಎರಡನ್ನು ಹೊಡೆದು ಹಾಕಿ ಕಂಬಳಿ ಅಂತ ಬರೆದೆ. ಡಿಕ್ಕಿಯಲ್ಲಿ ಜಾಗ ಎಲ್ಲಿ ಅನ್ನೋದು ಆಮೇಲಿನ ಮಾತು.

ನವೆಂಬರಿನಲ್ಲಿ ಇಂಬಳ ಕಡಿಮೆ ಅಂತ ನಾನು ಎಷ್ಟು ಹೇಳಿದರೂ ನಮ್ಮೆಜಮಾನ್ರಿಗೆ ನೆಮ್ಮದಿ ಇಲ್ಲ. ಯೂಟ್ಯೂಬ್ ನೋಡಿ ಮೂರು ತರದ ಸ್ಪ್ರೇ ಆರ್ಡರ್ ಮಾಡಲು ಹೊರಟಿದ್ದರು. ಅಪ್ಪನಿಗೆ ಫೋನ್ ಕೊಟ್ಟೆ. ಅಪ್ಪ ಅಳಿಯನಿಗೆ ಅರ್ಧ ಗಂಟೆ ಕ್ಲಾಸ್ ತೆಗೆದುಕೊಂಡರು. ಕಚ್ಚಿದ್ದು ಗೊತ್ತಾಗಲ್ಲ, ಗಾಬರಿ ಬೇಡ. ಎಳೆದು ಕೀಳಬೇಡಿ. ಉಪ್ಪು ತಗುಲಿಸಿದರೆ ತಾನೇ ಬಿಡುತ್ತೆ. ಬಿಟ್ಟ ಮೇಲೂ ರಕ್ತ ಸುಮಾರು ಹೊತ್ತು ಸೋರುತ್ತೆ, ಹೆಪ್ಪುಗಟ್ಟದ ಹಾಗೆ ಏನೋ ಬಿಟ್ಟು ಹೋಗಿರುತ್ತೆ ಅದು. ತೊಳೆದು ಒತ್ತಿ ಹಿಡಿದರೆ ಸಾಕು. ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿ. ಸಾಕ್ಸಿಗೆ ನಶ್ಯ ಉದುರಿಸಿದರೆ ಉತ್ತಮ. ಮತ್ತೆ, ಒಂದು ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿ ಇಟ್ಟುಕೊಳ್ಳಿ, ಬಗ್ಗದೆ ಕಾಲಿಗೆ ಮುಟ್ಟಿಸಬಹುದು.

ಈ ಕೊನೆಯ ಮಾತು ಸ್ಪೀಕರಿನಲ್ಲಿ ಅತ್ತೆಯ ಕಿವಿಗೆ ಬಿತ್ತು. ಅವರ ಮೊಣಕಾಲಿಗೆ ಬಗ್ಗುವುದೇ ಕಷ್ಟ, ಇದು ಅವರಿಗೆಂದೇ ಮಾಡಿದ ಉಪಾಯ. ಹಳೇ ಲಂಗದ ಬಟ್ಟೆ ಕತ್ತರಿಸಿ, ಅಂಗೈಯಗಲದ ಒಂಬತ್ತು ತುಂಡು ಮಾಡಿದರು. ಒಂದೊಂದರಲ್ಲಿ ಸ್ವಲ್ಪ ಕಲ್ಲುಪ್ಪು. ಪುಡಿ ಉಪ್ಪು ಬೇಡ, ಬೇಗ ಕರಗಿ ಹೋಗುತ್ತೆ ಅಂತ ಅಪ್ಪ ಹೇಳಿದ್ದರು. ಗಂಟಿನ ಕತ್ತು ಬಿಗಿದು, ದಾರ ಸುತ್ತಿ, ಹಲ್ಲಿನಲ್ಲಿ ಕಚ್ಚಿ ಎಳೆದು ಕಟ್ಟಿದರು. ಕೋಲಿಗೆ? ತೆಂಗಿನ ಪೊರಕೆ ಬಗ್ಗುತ್ತದೆ. ಕೊನೆಗೆ ಮಗನ ಹಳೇ ಕ್ರಿಕೆಟ್ ಸ್ಟಂಪು ಮೂರು, ಒರೆಸುವ ಮಾಪಿನ ಕೋಲು ಒಂದು. ಉಳಿದವರು ಕೈಯಲ್ಲೇ ಹಿಡಿದುಕೊಳ್ಳುವುದು. ಈಗ ನಮ್ಮ ಹಾಲಿನ ಮೂಲೆಯಲ್ಲಿ ತಲೆಗೆ ಬಿಳಿ ಗಂಟು ಕಟ್ಟಿಕೊಂಡ ನಾಲ್ಕು ಕೋಲು ನಿಂತಿವೆ. ಹಾಲು ಹಾಕುವ ಹುಡುಗ ಏನು ಪೂಜೆ ಅಂತ ಕೇಳಿದ.

ಕ್ಲಾಸ್ ಮುಗಿಸಿದ ಅಪ್ಪ ಫೋನ್ ಇಡಲಿಲ್ಲ. "ಅಲ್ಲ, ಆ ತೋಟದವರ ಹೆಸರೇನಂದೆ?" ಹೇಳಿದೆ. "ಅವರಪ್ಪ ನಮ್ಮ ವರ್ಕ್‌ಶಾಪಿಗೆ ಕಾಫಿ ಪಲ್ಪರ್ ರಿಪೇರಿಗೆ ತರ್ತಿದ್ರು. ಕಂಪನಿ ಕೆಲಸ ಅಲ್ಲ, ಸುಮ್ನೆ ಮಾಡಿಕೊಡ್ತಿದ್ದೆ." ಸ್ವಲ್ಪ ಹೊತ್ತು ಬಿಟ್ಟು, "ಕಾರಲ್ಲಿ ಮುಂದಿನ ಸೀಟು ಯಾರಿಗೆ?"

ಬರುತ್ತಾರೆ. ಒಂದು ಷರತ್ತು: ಟೌನ್‌ಶಿಪ್ಪಿನೊಳಗೆ ಅವರನ್ನು ಕರೆದುಕೊಂಡು ಹೋಗಬಾರದು. ಭಾನುವಾರ ಮಧ್ಯಾಹ್ನ ನಾವು ಹೋಗಿ ನೋಡಿಕೊಂಡು ಬರಬಹುದು, ಅವರು ಹಲಗೆಮನೆಯ ಜಗಲಿಯಲ್ಲಿ ಕೂತಿರುತ್ತಾರೆ. ಅತ್ತೆಯೂ ಕೂತಿರುತ್ತೇನೆ ಅಂದರು, ಹುರುಳಿ ಸಾರು ಉಕ್ಕದ ಹಾಗೆ ನೋಡಲು ಒಬ್ಬರು ಬೇಕಲ್ಲ ಅಂತ. ನಾನು ಭಾನುವಾರದ ಪುಟದಲ್ಲಿ ಎರಡು ಕಾಲಂ ಹಾಕಿದೆ. ಒಂದರಲ್ಲಿ ಏಳು ಜನ, ಒಂದರಲ್ಲಿ ಎರಡು. ನಮ್ಮ ಕ್ವಾರ್ಟರ್ಸಿನ ಬಾಗಿಲು ಇದೆಯೋ, ಗಿಡ ಹಬ್ಬಿದೆಯೋ, ಆ ರಸ್ತೆಗೆ ಬಿಡುತ್ತಾರೋ ಇಲ್ಲವೋ, ಏನೂ ಗೊತ್ತಿಲ್ಲದೆ "2.30, ಟೌನ್‌ಶಿಪ್" ಅಂತ ಬರೆದಿದ್ದೇನೆ.

ಇವತ್ತು ಗುರುವಾರ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ನಮ್ಮೆಜಮಾನ್ರಿಂದ ಒಂದು ಸ್ಕ್ರೀನ್‌ಶಾಟ್ ಬಂತು. ಹವಾಮಾನದ ಆ್ಯಪ್, ಶನಿವಾರಕ್ಕೆ ಮೋಡ, ಭಾನುವಾರಕ್ಕೆ ಮೋಡದ ಕೆಳಗೆ ನಾಲ್ಕು ಹನಿ. ಕೆಳಗೆ ಒಂದೇ ಪದ: "ಕ್ಯಾನ್ಸಲ್?"

ಅದನ್ನು ಅಪ್ಪನಿಗೆ ಕಳಿಸಿದೆ. ಅಪ್ಪ ಟೈಪ್ ಮಾಡುವುದಿಲ್ಲ, ಫೋನನ್ನೇ ಮಾಡಿದರು. "ನವೆಂಬರ್ ಮಳೆನೂ ಒಂದು ಮಳೆನಾ? ಅಳಿಯಂದಿರಿಗೆ ಹೇಳು, ಬಟ್ಟೆ ಒಂದು ಜೊತೆ ಜಾಸ್ತಿ ಇಟ್ಕೊಳ್ಳಲಿ."

ಸಂಜೆ ಸ್ಕೂಲಿಂದ ಬರುವಾಗ ಅಂಗಡಿಗೆ ಹೋಗಿ ಇನ್ನೆರಡು ಕೆಜಿ ಕಲ್ಲುಪ್ಪು ತಂದೆ.